ಸೈಕಲ್ಲಿನಲ್ಲಿ ಹೋದ ಮೊರದ ಬಾಗಿನ

ಆಗ ನಾನು ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಇಪ್ಪತ್ತೊಂದರ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು, ನನ್ನದು ಅಂತ ಹೇಳಿಕೊಳ್ಳಲು ಒಂದು ಸೈಕಲ್ಲು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಬೆಟ್ಟದ ಮೇಲಿನ ಕ್ವಾರ್ಟರ್ಸಿನಲ್ಲಿ ನಾನು, ಅಮ್ಮ ಇಬ್ಬರೇ. ಅಕ್ಕನನ್ನು ಆ ವರ್ಷ ತಾನೇ ಶಿವಮೊಗ್ಗದ ಕೋಟೆ ಬೀದಿಯ ಒಂದು ಮನೆಗೆ ಕೊಟ್ಟಿದ್ದೆವು.

ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ತವರಿನಿಂದ ಮೊರದ ಬಾಗಿನ ಹೋಗಲೇಬೇಕು. ಅದರ ಮೇಲೆ ಅಕ್ಕನ ಅತ್ತೆ ನಾಲ್ಕು ಜನರ ಎದುರು, "ಗಂಡು ದಿಕ್ಕಿಲ್ಲದ ಮನೆ, ಏನು ಕಳಿಸ್ತಾರೋ ನೋಡೋಣ" ಅಂದದ್ದು ಅಮ್ಮನ ಕಿವಿಗೆ ಬಿದ್ದಿತ್ತು. ಗಂಡು ದಿಕ್ಕಿಲ್ಲ ಅಂದರೆ ನಾನು ಯಾರು? ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮ ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕೊಬ್ಬರಿ, ಅರಿಶಿನ, ಕುಂಕುಮ ಜೋಡಿಸಿ, ನಡುವೆ ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟಳು. ಮೇಲೆ ಇನ್ನೊಂದು ಮೊರ ಕವುಚಿ, ಹಳದಿ ಬಟ್ಟೆ ಸುತ್ತಿ ಗಂಟು ಹಾಕಿದಳು. ಅಷ್ಟರಲ್ಲಿ ಮಳೆಗೆ ಗುಡ್ಡ ಕುಸಿದು ಎರಡು ದಿನದಿಂದ ಬಸ್ಸೇ ಇಲ್ಲ. ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಬಾಗಿನವನ್ನು ಕ್ಯಾರಿಯರಿಗೆ ಬಿಗಿದು ಹೊರಟೆ.

"ಗಂಟು ಅವಳೇ ಬಿಚ್ಚಬೇಕು. ದಾರೀಲಿ ನೀನು ಮುಟ್ಟಬೇಡ. ದೀಪ ಹಚ್ಚೋ ಹೊತ್ತಿಗೆ ಅವಳ ಕೈ ಸೇರಲಿ" ಅಂದಳು ಅಮ್ಮ.

ಘಟ್ಟ ಇಳಿಯಲು ನಮ್ಮ ಗಣಿಯವರದ್ದೇ ಒಂದು ಉಪಾಯವಿತ್ತು. ಮಳೆಯಲ್ಲಿ ಬ್ರೇಕನ್ನು ನಂಬಿದವನು ನೇರ ಕಣಿವೆಗೇ. ಹಾಗಾಗಿ ಸೊಪ್ಪು ತುಂಬಿದ ಒಂದು ಕೊಂಬೆ ಕಡಿದು ಹಗ್ಗದಿಂದ ಸೈಕಲ್ಲಿನ ಹಿಂದೆ ಕಟ್ಟುತ್ತಿದ್ದೆವು. ಅದು ನೆಲಕ್ಕೆ ಉಜ್ಜುತ್ತ ಬಂದು ಸೈಕಲ್ಲಿನ ವೇಗವನ್ನು ಹಿಡಿದಿಡುತ್ತಿತ್ತು. ಅವತ್ತಿನ ಆ ಇಳಿತದ ಸುಖವನ್ನು ಈಗಲೂ ನೆನೆಯುತ್ತೇನೆ. ಕೆಳಗೆಲ್ಲ ಮಂಜು, ಕೆಂಪು ನೀರು ಹರಿಯುವ ರಸ್ತೆ, ಹಿಂದೆ ಸರಸರ ಅನ್ನುವ ಸೊಪ್ಪು. ಯಾರೂ ಕೇಳುವವರಿಲ್ಲವೆಂದು ಗಂಟಲು ಬಿಟ್ಟು ಹಾಡಿಕೊಂಡು ಇಳಿದೆ. ಅಂಥ ಹುಮ್ಮಸ್ಸು ಆಮೇಲೆ ನನಗೆ ಬರಲೇ ಇಲ್ಲ.

ಲಿಂಗದಹಳ್ಳಿ ಇನ್ನೂ ದೂರವಿರುವಾಗ, ಒಂದು ತಿರುವಿನಲ್ಲಿ ಕೊಂಬೆ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಸೈಕಲ್ಲು ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಕೆಸರಿನಿಂದ ಎದ್ದು ನೋಡಿದರೆ ಮುಂದಿನ ಚಕ್ರ ಸೊಟ್ಟಗಾಗಿತ್ತು. ಕ್ಯಾರಿಯರಿನ ಗಂಟು ಹಾಗೇ ಭದ್ರವಾಗಿತ್ತು. ಆದರೆ ಸೈಕಲ್ಲು ಎತ್ತಿ ನಿಲ್ಲಿಸುವಾಗ ಒಳಗೆ ಕಿಣಿಕಿಣಿ ಅಂದಿತು.

ಒಡೆಯದ ಬಳೆಯೂ ಕಿಣಿ ಅನ್ನುತ್ತದಲ್ಲ ಎಂದು ಧೈರ್ಯ ತಂದುಕೊಂಡೆ. ತವರಿನ ಬಾಗಿನದಲ್ಲಿ, ಅದೂ ಹೊಸ ಮದುಮಗಳಿಗೆ, ಒಡೆದ ಬಳೆ ಹೋಗುವುದೆಂದರೆ! ತರೀಕೆರೆ ಮುಟ್ಟುವ ಹೊತ್ತಿಗೆ, ಅಲ್ಲಿ ಹತ್ತಬೇಕೆಂದಿದ್ದ ಶಿವಮೊಗ್ಗದ ರೈಲು ಹೊರಟುಹೋಗಿತ್ತು. ಸೊಟ್ಟ ಚಕ್ರವನ್ನು ತುಳಿಯುತ್ತ ಪ್ರತಿ ಗುಂಡಿಗೂ ಆ ಸದ್ದು ಕೇಳುತ್ತ ಭದ್ರಾವತಿಗೆ ಬಂದೆ.

ಕಾರ್ಖಾನೆಯ ಹೊಗೆ ಕಾಣುವ ಒಂದು ಬೀದಿಯಲ್ಲಿ, ಗಡ್ಡ ನರೆತ ಸಾಬರೊಬ್ಬರ ಸೈಕಲ್ ಶಾಪಿತ್ತು. ಪಕ್ಕದಲ್ಲಿ ಇಬ್ಬರು ಕೆಲಸಗಾರರು ತಮಿಳಿನಲ್ಲಿ ಜಗಳವಾಡುತ್ತಿದ್ದರು. ಸಾಬರು ಚಕ್ರದ ಕಡ್ಡಿ ಬಿಗಿಯುತ್ತ, ನಾನು ಮತ್ತೆ ಮತ್ತೆ ಗಂಟಿಗೆ ಕಿವಿ ಕೊಡುವುದನ್ನು ನೋಡಿ ಏನೆಂದು ಕೇಳಿದರು. ಹೇಳಿದೆ.

"ಅಷ್ಟೇನಾ? ಬಿಚ್ಚಿ ನೋಡು ಮಾರಾಯ. ಬಗಲಲ್ಲೇ ನಮ್ಮ ಭಾಬಿದು ಬಳೆ ಅಂಗಡಿ ಐತೆ. ಒಡೆದಿದ್ರೆ ಬೇರೆ ಇಟ್ಟು ಹಂಗೇ ಕಟ್ಟು. ಯಾರಿಗೆ ಗೊತ್ತಾಗ್ತದೆ?"

"ಅಮ್ಮ ಹಾಕಿದ ಗಂಟು ಅದು. ದೇವರಿಗೆ ಗೊತ್ತಾಗ್ತದೆ" ಎಂದು ಸಿಡುಕಿದೆ.

"ದೇವರು ಬಿಡು, ಮಾಫ್ ಮಾಡ್ತಾನೆ. ನಿಮ್ಮಕ್ಕನ ಅತ್ತೆ?"

ಅವರು ನಕ್ಕರು. ನನಗೆ ರೇಗಿತು. ನಮ್ಮ ಶಾಸ್ತ್ರ ಇವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡು, ಒಂದು ಒಳ್ಳೆಯ ಮಾತೂ ಆಡದೆ ಹೊರಟುಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತುಂಗೆಯ ಸೇತುವೆ ದಾಟುವಾಗ ಹೊಳೆ ತುಂಬಿ ಹರಿಯುತ್ತಿತ್ತು. ನೋಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಕೋಟೆಯ ಬೀದಿಯಲ್ಲಿ ರೇಷ್ಮೆ ಸೀರೆಯ ಹೆಂಗಸರ ನಡುವೆ ತಲೆಯಿಂದ ಪಾದದವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಹೋದೆ. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆನೆಂದು ಎದೆ ಉಬ್ಬಿತ್ತು.

ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ನಡುಮನೆಯ ತುಂಬ ಕೂತಿದ್ದರು. ನನ್ನನ್ನು ಕಂಡು ಅಕ್ಕನ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ನೋಡಿ ಅತ್ತೆ, ಬೆಟ್ಟದಿಂದ ಸೈಕಲ್ಲಲ್ಲಿ ಬಂದಿದಾನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಗೌರಿಯ ಮುಂದೆ ಕೂತು ಗಂಟು ಬಿಚ್ಚಿದಳು. ಮೇಲಿನ ಮೊರವನ್ನು ಸ್ವಲ್ಪ ಎತ್ತಿ ಕೈ ಒಳಗಿಟ್ಟವಳು ಹಾಗೇ ತಡೆದಳು. ಒಂದೇ ಗಳಿಗೆ. ನನ್ನ ಕಡೆ ನೋಡಲಿಲ್ಲ. ಸೆರಗನ್ನು ಮೊರದ ಮೇಲೆ ಎಳೆದುಕೊಂಡು, ಒಳಗೇ ತಡಕಾಡಿ, ಇಡಿಯಾಗಿ ಉಳಿದಿದ್ದ ಎರಡು ಬಳೆ ತೆಗೆದು ಕೈಗೊಂದರಂತೆ ತೊಟ್ಟಳು.

"ಎರಡೇನಾ? ತವರಿನೋರು ಎರಡೇ ಬಳೆನಾ ಕಳಿಸೋದು?" ಅತ್ತೆ ಕೇಳಿದರು. ಯಾರೋ ಕಿಸಕ್ಕೆಂದರು.

"ನಾನೇ ಹೇಳಿ ಕಳಿಸಿದ್ದೆ ಅತ್ತೆ. ನೀವು ತೊಡಿಸಿದ ಬಳೆ ಕೈತುಂಬ ಇದೆಯಲ್ಲ, ಶಾಸ್ತ್ರಕ್ಕೆ ಎರಡು ಸಾಕು ಅಂತ."

ಅವಳ ಒಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಮಂಗಳಾರತಿ ಮುಗಿಯುವ ತನಕ ಅದನ್ನು ಬಿಚ್ಚಲಿಲ್ಲ.

ಆಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ಬಾವಿಕಟ್ಟೆಯ ಮೇಲೆ ಹಸಿರು ಗಾಜಿನ ಚೂರುಗಳು, ಅಂಗೈಯಲ್ಲಿ ರಕ್ತ. ಭದ್ರಾವತಿಯಲ್ಲಿ ಆ ಗಂಟನ್ನು ಬಿಚ್ಚಬೇಕಿತ್ತು ಎಂದು ನನಗೆ ಆಗ ಅನ್ನಿಸಿತು. ಬಾಯಿ ತೆರೆಯುವ ಮೊದಲೇ ಅಕ್ಕ, "ಬಿದ್ದೆಯೇನೋ? ಮಂಡಿ ತೋರಿಸು" ಅಂದಳು. ಆಮೇಲೆ, "ಅಮ್ಮಂಗೆ ಹೇಳ್ಬೇಡ, ಮೊದಲೇ ನೊಂದಿದಾಳೆ" ಅಂದಳು.

ಮರುದಿನ ಬೆಟ್ಟ ಹತ್ತಿ ಮನೆ ಸೇರಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಬಳೆ ಸರಿಯಾಯ್ತಾ ಅವಳ ಕೈಗೆ?"

"ಸರಿಯಾಯ್ತು."

"ಅಷ್ಟೂ ತೊಟ್ಕೊಂಡ್ಲಾ?"

"ಅಷ್ಟೂ" ಅಂದೆ.