ಹಿಡಿಸೂಡಿಗೆ ಸಿಕ್ಕ ಟೇಪು

ಕಸ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮರಳು ಕೂತರೆ ಗುಡಿಸಲು ಊರಿಂದ ತಂದ ತೆಂಗಿನಕಡ್ಡಿಯ ಹಿಡಿಸೂಡಿಯೇ ಆಗಬೇಕು. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅಬುಧಾಬಿಯ ಕ್ರೀಡಾಕೂಟಕ್ಕೆ ಹೋದವಳು ಬಹುಶಃ ನಾನೊಬ್ಬಳೇ.

ಅಂದು ಮಗಳಿಗೆ ಹೈಜಂಪ್ ಕಲಿಸುವ ಕೋಚ್ ತಾವೇ ಜಿಗಿಯುವವರಿದ್ದರು. ಗ್ರೀಸ್ ದೇಶದವರು. ಹುಡುಗಿಯಾಗಿದ್ದಾಗಿನಿಂದ ದೇಶಕ್ಕಾಗಿ ಜಿಗಿದು, ಎರಡು ಸಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಈಗ ದುಬೈಯಲ್ಲಿ ಮಕ್ಕಳಿಗೆ ಕಲಿಸಿ ಬದುಕುತ್ತಿದ್ದರು. ಆ ಚಳಿಗಾಲದೊಳಗೆ ಒಂದು ಎತ್ತರ ದಾಟಿದರೆ ಮಾತ್ರ ದೇಶದ ತಂಡದಲ್ಲಿ ಅವರಿಗೆ ಇನ್ನೊಂದು ವರ್ಷ ಜಾಗ. ಅದಕ್ಕೆ ಉಳಿದಿದ್ದದ್ದು ಇದೊಂದೇ ಕೂಟ.

ಮಧ್ಯಾಹ್ನದ ಗಾಳಿಗೆ ಓಡುವ ಜಾಗದ ಮೇಲೆಲ್ಲ ಮರಳು ಬಂದು ಬಿದ್ದಿತ್ತು. ಯಾರಾದರೂ ಸಹಾಯ ಮಾಡಿ ಎಂದು ಕೂಟದವರು ಪೋಷಕರನ್ನು ಕೇಳಿದರು. ನನಗೆ ಅಷ್ಟೇ ಸಾಕಿತ್ತು. ಸೆರಗು ಸಿಕ್ಕಿಸಿಕೊಂಡು, ನಮ್ಮ ಅಂಗಳ ಗುಡಿಸುವ ಹಾಗೆ ಹಿಂದೆ ಹಿಂದೆ ಸರಿಯುತ್ತ ಗುಡಿಸಿದೆ. ಕೊಳಕಾದ ಬಿಳಿ ಟೇಪಿನ ತುಂಡೊಂದು ಅಡ್ಡ ಬಂತು. ಉಗುರಿನಿಂದ ಕಿತ್ತೆ.

ಮಗಳು ಓಡಿ ಬಂದಳು. "ಅಮ್ಮಾ, ದಟ್ಸ್ ಹರ್ ಮಾರ್ಕ್. ಅಲ್ಲಿಂದ್ಲೇ ಅವ್ರು ಓಡೋದು."

ಅಡ್ಡಕೋಲಿನ ಕಂಬದಿಂದ ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದು ಹಚ್ಚುವ ಗುರುತಂತೆ ಅದು. ಸ್ವಲ್ಪ ತಪ್ಪಿದರೂ ಜಿಗಿತ ಕೆಡುತ್ತದಂತೆ. ಕೋಚ್ ಆಚೆ ತುದಿಯಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಗುಡಿಸಿದ ನೆಲದಲ್ಲಿ ಟೇಪು ಎಲ್ಲಿತ್ತೆಂದು ಹೇಗೆ ತಿಳಿಯಬೇಕು? ಅಂದಾಜಿನ ಮೇಲೆ ಒತ್ತಿ ಅಂಟಿಸಿದೆ.

"ಹೇಳ್ಬೇಡ ಮಾರಾಯ್ತಿ. ಅಲ್ಲೇ ಉಂಟು ಅದು," ಎಂದೆ.

ಅವರಿಗೆ ಬೇಕಿದ್ದ ಎತ್ತರಕ್ಕೆ ಮೂರೇ ಅವಕಾಶ. ಮೊದಲನೆಯದರಲ್ಲಿ ಅವರ ಹಿಮ್ಮಡಿ ತಾಗಿ ಅಡ್ಡಕೋಲು ಬಿತ್ತು. ಎರಡನೆಯದರಲ್ಲಿ ಸೊಂಟವೇ ತಾಗಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷದ ದುಡಿಮೆಯನ್ನು ನಾನು ಒಂದು ಹಿಡಿಸೂಡಿಯಿಂದ ಹಾಳು ಮಾಡಿದೆನಲ್ಲ ಎನಿಸಿತು. ಕೂರಲಾಗದೆ ಬೇಲಿಯ ಹತ್ತಿರ ಹೋಗಿ ಕೋಚನ್ನು ಕರೆದು, ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡೆ.

ಬೈಯುತ್ತಾರೆಂದು ಕಾದೆ. ಬದಲಿಗೆ, ತಪ್ಪು ಟೇಪಿನದು, ತನ್ನ ಕಾಲಿನದಲ್ಲ ಎಂಬಂತೆ ಅವರ ಮುಖ ಅರಳಿತು. ಅದನ್ನು ನೋಡಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಅವರು ಓಡಿಹೋಗಿ ಕಂಬದಿಂದ ಹೆಜ್ಜೆ ಅಳೆಯತೊಡಗಿದರು. ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು. ಕೊನೆಯ ಹೆಜ್ಜೆಯ ಹೆಬ್ಬೆರಳು ಸರಿಯಾಗಿ ಟೇಪಿನ ಅಂಚಿಗೆ ಬಂದು ನಿಂತಿತು. ಅವರು ಅದನ್ನೇ ನೋಡುತ್ತ ನಿಂತರು.

"ನೀವು ಸರಿಯಾದ ಜಾಗದಲ್ಲೇ ಅಂಟಿಸಿದ್ದೀರಿ," ಎಂದರು.

ನನ್ನ ತಪ್ಪೇ ಆಗಿರಲಿ ಎಂದು ನಾನು ಅಷ್ಟು ಆಸೆಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಮೂರನೆಯ ಸಲವೂ ಕೋಲು ಬಿತ್ತು. ಸ್ವಲ್ಪ ಹೊತ್ತು, ಜಿಗಿದು ಬೀಳುವ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದು ಎದ್ದು ಬಂದರು. ಬಗ್ಗಿ ಟೇಪನ್ನು ತಾವೇ ಕಿತ್ತು ನನ್ನ ಅಂಗೈಯಲ್ಲಿಟ್ಟರು.

"ಈಗ ಗುಡಿಸಬಹುದು," ಎಂದರು.