ಗೋಧಿ ಅಂದ್ರ ಮೈಲಿಗಿ

ತಂಬ್ರಹಳ್ಳಿಯ ಕವಿತಾ ಅನ್ನೋ ಸಣ್ಣ ಹುಡುಗಿಗೆ ಸೀಲಿಯಾಕ್ ರೋಗ. ಗೋಧಿ ತಿಂದ್ರ ಕರುಳಿಗೇ ಪೆಟ್ಟು. ಸೊರಗಿ ಕಡ್ಡಿ ಆಗಿದ್ಲು. ಮನಿಯವ್ರಿಗೆ ತಿಳಿಸಿ ಹೇಳಿ ಬಾ ಅಂತ ಡಾಕ್ಟ್ರು ದವಾಖಾನ್ಯಾಗ ಕೆಲಸ ಮಾಡೋ ನನ್ನ ಕಳಿಸಿದ್ರು.

ನಾ ಹೋದಾಗ ಅವರಜ್ಜಿ ಗೋಧಿ ಹುಗ್ಗಿ ತಿರುವಿದ ಸವಟಿನಿಂದನ ಹುಡುಗಿಗೆ ಅನ್ನ ಬಡಸಾಕತ್ತಿದ್ಲು.

"ಯಮ್ಮಾ, ಗೋಧಿ ಹತ್ತಿದ ಆ ಸವಟು ಮುಟ್ಟಿದ ಅನ್ನಾನೂ ಆಕಿಗೆ ಆಗಂಗಿಲ್ರಿ" ಅಂದೆ.

ಅಜ್ಜಿ ಕೈ ಅಲ್ಲೇ ನಿಂತಿತು. "ನನ್ನ ಕೈಯಾಗಿನ ಅನ್ನ ಕೂಸಿಗೆ ವಿಷ ಅಂತೀಯೇನಪಾ?"

ಬಾಜೂಕ ನಿಂತ ಹುಡುಗಿ ಅವ್ವನ ಕಣ್ಣಾಗ ನೀರು. ಹುಡುಗಿ ಉಣ್ಣದ ತಾಟು ನೋಡ್ಕೋತ ಕುಂತ್ಲು. ಕರುಳು, ಗೋಧ್ಯಾಗಿನ ಪ್ರೋಟೀನು ಅಂತ ನಾ ಹೇಳಿದಷ್ಟೂ ಅಜ್ಜಿ ಮಾರಿ ಗಂಟಾತು.

ಕಡೀಕೆ ಕೇಳಿದೆ: "ಪೂಜಿ ದಿನ ಮಡೀಲೆ ಅಡಗಿ ಮಾಡ್ತೀರಲ್ರಿ?"

"ಹ್ಞೂಂ. ಯಾರನ್ನೂ ಒಲಿ ಹತ್ರ ಬಿಡಂಗಿಲ್ಲ."

"ಇಕಿಗೆ ದಿನಾಲೂ ಹಂಗ ಮಾಡ್ರಿ. ಗೋಧಿ ಅಂದ್ರ ಮೈಲಿಗಿ ಅನ್ಕೋರಿ."

ಅಜ್ಜಿ ಎದ್ದು, ಹೊಸದಾಗಿ ಅನ್ನ ಮಾಡಿ, ಬ್ಯಾರೆ ತಾಟು, ಬ್ಯಾರೆ ಸವಟು ತಂದು ಮತ್ತ ಬಡಿಸಿದ್ಲು. ಹುಡುಗಿ ಉಂಡ್ಲು.

ಕೆಲವು ತಿಂಗಳು ಬಿಟ್ಟು ಹೋದಾಗ ಹುಡುಗಿ ಗಲ್ಲ ತುಂಬಿದ್ವು. ಖುಷಿಲೆ ಹೊಸ್ತಿಲು ದಾಟಾಕ ಹೋದೆ.

"ಅಲ್ಲೇ ನಿಲ್ಲಪಾ! ಬಸ್‌ಸ್ಟ್ಯಾಂಡಿನ್ಯಾಗ ಏನು ತಿಂದಿ?"

"ಬಿಸ್ಕೀಟ್ರಿ."

"ಅದೂ ಗೋಧೀದ!" ಅಂತ ಅಜ್ಜಿ ತಂಬಿಗಿ ನೀರು ಕೊಟ್ಟು ಕೈ ಬಾಯಿ ತೊಳಿಸಿದ್ಲು. ಅಷ್ಟಾದ್ರೂ ಒಳಗ ಬಿಡ್ಲಿಲ್ಲ. ಚಾ ಮಾತ್ರ ಹೊರಗಿನ ಕಟ್ಟಿ ಮ್ಯಾಲಕ ಬಂತು.