ಖಂಡೆ ಪೂಜೆಯ ದಿನ ನಿಂತ ಸರ್ವರ್

ಸರ್ವರಿನ ಹಸಿರು ದೀಪದ ಮೇಲೆ ಸರಿಯಾಗಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಕರವಸ್ತ್ರದ ತುದಿಯಿಂದ ಒರೆಸಿ ನೋಡಿದೆ. ಉರಿಯುತ್ತಿರಲಿಲ್ಲ.

ಎರಡು ಸಾವಿರದ ಆಸುಪಾಸಿನ ಮಾತು. ಗುಲ್ಬರ್ಗಾದಲ್ಲಿ ಓದು ಮುಗಿಸಿ, ಚಿತ್ತಾಪುರದ ಮನೆ ಬಿಟ್ಟು, ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಆಡಳಿತ ಕಚೇರಿಗೆ ಸೇರಿದ್ದೆ. ಅಲ್ಲಿನ ಕಂಪ್ಯೂಟರುಗಳು, ಕೇಬಲ್ಲುಗಳು ಮತ್ತು ಮೇಲ್ ಸರ್ವರ್ ನನ್ನ ಜವಾಬ್ದಾರಿ. ಸರ್ವರ್ ದಿನಕ್ಕೆ ಕೆಲವು ಸಲ ಟೆಲಿಫೋನ್ ಲೈನಿನ ಮೂಲಕ ಹೆಡ್ ಆಫೀಸಿಗೆ ಜೋಡಿಕೊಂಡು ಎಲ್ಲರ ಇ-ಮೇಲುಗಳನ್ನು ಇಳಿಸಿಕೊಳ್ಳುತ್ತಿತ್ತು. ಇಳಿಸಿಕೊಂಡದ್ದು ಆ ಕಡೆ ಅಳಿಸಿಹೋಗುತ್ತಿತ್ತು. ಆಮೇಲೆ ಅದು ಇರುವುದು ನಮ್ಮ ಡಿಸ್ಕಿನಲ್ಲಿ ಮಾತ್ರ. ಪ್ರತಿ ಶನಿವಾರ ನಾನು ಅದರ ನಕಲನ್ನು ಸಿಡಿಗೆ ಇಳಿಸುತ್ತಿದ್ದೆ. ಅಂದು ಗುರುವಾರ, ಖಂಡೆ ಪೂಜೆ, ಅಂದರೆ ಆಯುಧ ಪೂಜೆ.

ನಮ್ಮ ಕಡೆ ಆ ದಿನ ಹತ್ಯಾರಗಳನ್ನು ತೊಳೆದು, ಪೂಜೆ ಮಾಡಿ, ಕೆಲಸಕ್ಕೆ ಹಚ್ಚದೆ ಇಡುತ್ತಾರೆ. ಕಾರ್ಖಾನೆಯಲ್ಲಿ ಸಿಮೆಂಟ್ ಸುಡುವ ಗೂಡಿನ ಬೆಂಕಿಯನ್ನು ಯಾರೂ ಆರಿಸುವುದಿಲ್ಲ. ಕಚೇರಿಯಲ್ಲಿ ಮಾತ್ರ ಟೈಪ್‌ರೈಟರಿನಿಂದ ಜೀಪಿನವರೆಗೆ ಎಲ್ಲಕ್ಕೂ ವಿಶ್ರಾಂತಿ. ಪೂಜೆ ಮಾಡುವವರು ಸಿಬ್ಬಂದಿ ವಿಭಾಗದ ಹಿರಿಯ ಗುಮಾಸ್ತರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಸರ್ವರ್ ರೂಮಿನ ಕೀಲಿಯನ್ನು ಅವರ ಕೈಗೆ ಕೊಟ್ಟು ನಾನು ಪ್ರಸಾದ ಹಂಚಲು ಹೋಗಿದ್ದೆ.

"ಕಾಕಾ, ಇದು ಬಂದ್ ಆಗ್ಯಾದ."

"ನಾನೇ ಮಾಡೀನಿ ತಂಗಿ. ಮನಷ್ಯಾರಿಗೆ ಸೂಟಿ ಅದ, ಪಾಪ ಇದಕ್ಕಿಲ್ಲ. ಒಂದಿನ ಆರಾಮ ಮಾಡ್ಲಿ ಬಿಡು."

ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟ್ ನಕ್ಕಳು. "ಹಂಗಾರ ಅದ್ರ ಹಾಜ್ರೀನೂ ಹಾಕಿಬಿಡ್ರಿ ಕಾಕಾ."

ಅವರೂ ನಕ್ಕರು. ಆಮೇಲೆ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು, "ಈಗ ಚಾಲೂ ಮಾಡು ತಂಗಿ. ಮುಂಜಾನೆ ಬಂದಾದಲ್ಲ, ಆ ಮಂಜೂರಿ ಪತ್ರ ತೆಗದು ಕೊಡು. ಸಂಜಿ ಗಾಡಿಗೆ ಹೋಗಬೇಕು" ಎಂದರು.

ಅವರ ಹೆಂಡತಿ ಹೈದರಾಬಾದಿನ ಆಸ್ಪತ್ರೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ. ಖರ್ಚು ಭರಿಸುವುದಾಗಿ ಕಂಪನಿ ಕೊಡುವ ಮಂಜೂರಿ ಪತ್ರ ಕೈಗೆ ಬಂದ ಮೇಲೆಯೇ ಆಸ್ಪತ್ರೆಯವರು ಒಳಗೆ ಕರೆದುಕೊಳ್ಳುತ್ತಿದ್ದರು. ತಪ್ಪಿದರೆ ಆ ಸರದಿ ಮತ್ತೊಬ್ಬರಿಗೆ. ಮುಂದಿನದು ಯಾವಾಗ ಎಂದು ಯಾರೂ ಹೇಳಿರಲಿಲ್ಲ. ಹೆಡ್ ಆಫೀಸಿನವರು ಹಿಂದಿನ ಸಂಜೆ ಕಳಿಸಿದ್ದ ಪತ್ರ ಬೆಳಿಗ್ಗೆ ಮೇಲಿನಲ್ಲಿ ಇಳಿದಿತ್ತು. ಪ್ರಿಂಟರಿಗೂ ಹೂವು ಏರಿಸಿದ್ದರಿಂದ ಪೂಜೆಯ ನಂತರ ತೆಗೆದರಾಯಿತು ಎಂದು ಅವರು ಬಿಟ್ಟಿದ್ದರು.

ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಡಿಸ್ಕಿನಿಂದ ಸಣ್ಣದೊಂದು ಗುಂಯ್ ಸದ್ದು ಬಂದು ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಪರದೆಯ ಮೇಲೆ ಡಿಸ್ಕ್ ಇಲ್ಲ ಎಂಬ ಸಾಲು.

ನನಗೆ ಕಾರಣ ಆಗಲೇ ಗೊತ್ತಾಯಿತು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಳೆಯ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ, ಓದುವ ಮುಳ್ಳು ಒಳಗಿನ ತಟ್ಟೆಗೆ ಅಂಟಿಕೊಂಡುಬಿಡುತ್ತದೆ. ಮೋಟಾರಿಗೆ ಅದನ್ನು ಕೀಳುವಷ್ಟು ಬಲವಿರುವುದಿಲ್ಲ. ನಿಲ್ಲಿಸದೆ ಇದ್ದಿದ್ದರೆ ಇನ್ನೊಂದು ವರ್ಷ ತಿರುಗುತ್ತಿತ್ತೇನೋ.

ಹೆಡ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿಯೂ ಹಬ್ಬದ ರಜೆ. ಗಂಟೆ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕಾಕಾ ನನ್ನ ಹಿಂದೆ ನಿಂತಿದ್ದರು.

"ನಾ ಬಂದ್ ಮಾಡಿದ್ದಕ್ಕ ಹಿಂಗಾಯ್ತೇನು?"

"ಭಾಳ ಹಳೇದು ಕಾಕಾ ಇದು."

ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಆಗಲೇ ಆಡಳಿತ ಮ್ಯಾನೇಜರ್ ಇಂಟರ್‌ಕಾಮಿನಲ್ಲಿ ಬಂದರು. ಸರ್ವರ್ ನಿಂತ ಸುದ್ದಿ ಅವರಿಗೆ ಮುಟ್ಟಿತ್ತು. ವಾಡಿ ಯಾರ್ಡಿನಿಂದಲೂ ಶಹಾಬಾದ್ ಗೋದಾಮಿನಿಂದಲೂ ಬಂದ ಆ ವಾರದ ರವಾನೆ ಲೆಕ್ಕಗಳು ಅವರ ಮೇಲಿನಲ್ಲಿದ್ದವು. ಸೋಮವಾರದ ಮೀಟಿಂಗಿಗೆ ಬೇಕು.

"ಡಿಸ್ಕ್ ಚಾಲೂ ಆದ್ರ ಮೊದಲು ನನ್ನ ಮೇಲ್ ತೆಗೀರಿ. ಉಳಿದದ್ದು ಆಮ್ಯಾಲ ನೋಡ್ರಿ. ತಿಳೀತಿಲ್ಲೋ?"

"ತಿಳೀತು ಸರ್."

ಡಿಸ್ಕನ್ನು ಹೊರಗೆ ತೆಗೆದೆ. ಅಂಟಿದ ಡಿಸ್ಕನ್ನು ಬಿಡಿಸುವ ಒಂದು ಉಪಾಯವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ತೋರಿಸಿದ್ದರು: ಅಂಗೈಯಲ್ಲಿ ಸಪಾಟಾಗಿ ಹಿಡಿದು, ಮಣಿಕಟ್ಟನ್ನು ಒಮ್ಮೆಲೇ ತಿರುವಬೇಕು. ಮೆಲ್ಲಗೆ ತಿರುವಿದರೆ ಬಿಡುವುದಿಲ್ಲ. ಜೋರಾದರೆ ಮುಳ್ಳೇ ಮುರಿಯಬಹುದು. ನಾನು ಮಾಡಿದ್ದು ಹಾಳಾದ ಡಿಸ್ಕುಗಳ ಮೇಲೆ ಮಾತ್ರ. ಕೈ ಬೆವೆತಿತ್ತು. ಸೆರಗಿಗೆ ಒರೆಸಿಕೊಂಡು ತಿರುವಿದೆ. ಜೋಡಿಸಿ ಸ್ವಿಚ್ ಹಾಕಿದರೆ ಅದೇ ಗುಂಯ್. ಮತ್ತೆ ತೆಗೆದೆ. ಈ ಸಲ ಸ್ವಲ್ಪ ಬಿರುಸಾಗಿ ತಿರುವಿದೆ.

ಸದ್ದು ಏರುತ್ತಾ ಹೋಗಿ ಒಂದೇ ಸಮನಾಯಿತು. ಡಿಸ್ಕ್ ತಿರುಗುತ್ತಿತ್ತು. ಆದರೆ ನಡುನಡುವೆ ಒಳಗೆ ಏನೋ ಕೆರೆದಂತೆ ಕೇಳುತ್ತಿತ್ತು. ಹೆಚ್ಚು ಹೊತ್ತು ಬಾಳುವ ಸದ್ದಲ್ಲ ಅದು.

ನನ್ನ ಕಂಪ್ಯೂಟರಿಗೆ ನಕಲು ಮಾಡಲು ಕುಳಿತೆ. ಮಂಜೂರಿ ಪತ್ರ ಇದ್ದದ್ದು ಸಿಬ್ಬಂದಿ ವಿಭಾಗದ ಅಂಚೆಪೆಟ್ಟಿಗೆಯಲ್ಲಿ. ಅದನ್ನು ಯಾರೂ ಯಾವತ್ತೂ ಖಾಲಿ ಮಾಡಿದವರಲ್ಲ. ಇಡೀ ಪೆಟ್ಟಿಗೆ ಒಂದೇ ಕಡತ, ಪತ್ರ ಅದರ ಕೊನೆಯಲ್ಲಿ. ಪೂರ್ತಿ ನಕಲಾಗದೆ ತೆರೆಯುವಂತಿರಲಿಲ್ಲ. ಮ್ಯಾನೇಜರರ ಪೆಟ್ಟಿಗೆಯೂ ಅಷ್ಟೇ ದೊಡ್ಡದು. ಎರಡನ್ನೂ ಒಟ್ಟಿಗೆ ಎಳೆದರೆ ಎರಡೂ ಅರ್ಧಕ್ಕೆ ನಿಲ್ಲಬಹುದು.

"ಸಾಹೇಬ್ರು ಹೇಳಿದ್ದು ಕೇಳ್ಸೇದ ನನಗ" ಎಂದರು ಕಾಕಾ. "ಅವ್ರದು ತೆಗಿ ತಂಗಿ. ನಿನ್ನ ನೌಕ್ರಿ ಅದ."

ನಾನು ಸಿಬ್ಬಂದಿ ವಿಭಾಗದ್ದನ್ನು ಆರಿಸಿ ಕೀಲಿ ಒತ್ತಿದೆ. ನೀಲಿ ಪಟ್ಟಿ ಸಣ್ಣಗೆ ಬೆಳೆಯತೊಡಗಿತು. ಕೆರೆತ ಕೇಳಿದಾಗಲೆಲ್ಲ ಅದು ತಡೆದು ನಿಲ್ಲುತ್ತಿತ್ತು, ಮತ್ತೆ ಸರಿಯುತ್ತಿತ್ತು. ಕಾಕಾ ಗೋಡೆಯ ಗಡಿಯಾರವನ್ನು ನೋಡದೆ ಪಟ್ಟಿಯನ್ನೇ ನೋಡುತ್ತಿದ್ದರು. ಅದು ತುದಿ ಮುಟ್ಟಿದ ಕೂಡಲೇ ಮ್ಯಾನೇಜರರ ಪೆಟ್ಟಿಗೆಗೆ ಹಚ್ಚಿ, ಇತ್ತ ಪತ್ರ ತೆರೆದೆ. ಟೈಪಿಸ್ಟ್ ಪ್ರಿಂಟರಿನ ಮೇಲಿನ ಹೂವು ತೆಗೆದಳು. ಹಾಳೆ ಹೊರಗೆ ಬರುವಾಗ ಹಿಂದೆ ಡಿಸ್ಕು ಎರಡು ಸಲ ಟಕ್ ಎಂದು ನಿಂತುಬಿಟ್ಟಿತು. ಮ್ಯಾನೇಜರರ ಪೆಟ್ಟಿಗೆಯ ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ.

ಕಾಕಾ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಪೂರ್ತಿ ಓದಿದರು. ಟೈಪಿಸ್ಟಳ ಕಡೆ ತಿರುಗಿ, "ಸ್ಟೇಷನ್‌ಗೆ ಯಾರರ ಸೈಕಲ್ ಮೋಟಾರ್ ಮ್ಯಾಲ ಬಿಡ್ತಾರೇನು ಕೇಳವ್ವಾ" ಎಂದರು.

ಅವರು ಹೋದ ಮೇಲೆ ಡಿಸ್ಕನ್ನು ಎಷ್ಟು ತಿರುವಿದರೂ ಅದು ಏಳಲಿಲ್ಲ. ಮ್ಯಾನೇಜರ್ ಅಷ್ಟರಲ್ಲಿ ಪೂಜೆಗೆಂದು ಊರೊಳಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ, ಅವರೇ ಕೇಳುವ ಮೊದಲು, ನಾನು ಕಾಲೋನಿಯ ಅವರ ಬಂಗಲೆಗೆ ಹೋದೆ. ವರಾಂಡದಲ್ಲಿ ಚಹಾ ಕುಡಿಯುತ್ತಿದ್ದರು.

"ನಿಮ್ಮ ಮೇಲ್ ಸಿಗಲಿಲ್ಲ ಸರ್. ಶನಿವಾರದ ತನಕದ್ದು ಅದ. ಈ ವಾರದ್ದು ಹೋಯ್ತು."

"ಡಿಸ್ಕ್ ಚಾಲೂ ಆಗಲೇ ಇಲ್ಲೇನು?"

"ಆಗಿತ್ತು ಸರ್. ಮೊದಲು ಸಿಬ್ಬಂದಿ ವಿಭಾಗದ್ದು ತೆಗದೆ."

ಅವರು ಕಪ್ಪನ್ನು ಕೆಳಗಿಟ್ಟರು. "ಅದನ್ನ ಬಂದ್ ಯಾರು ಮಾಡಿದ್ರು?"

"ಆ ರೂಮಿನ ಕೀಲಿ ನನ್ನ ಕಡೆ ಇರ್ತದ ಸರ್."

ಕುಳಿತುಕೊಳ್ಳಲು ಹೇಳಲಿಲ್ಲ. "ಸೋಮವಾರ ಮೀಟಿಂಗಿಗೆ ಲೆಕ್ಕ ನನ್ನ ಟೇಬಲ್ ಮ್ಯಾಲ ಇರಬೇಕು. ಇಲ್ಲಾಂದ್ರ ನಿಮ್ಮ ಬಗ್ಗೆ ನಾ ಬರೀಬೇಕಾಗ್ತದ" ಎಂದರು.

ಅಲ್ಲಿಂದ ಕಚೇರಿಗೆ ಬಂದೆ. ದಸರೆಯ ರಜೆ, ಯಾರೂ ಇರಲಿಲ್ಲ. ಬಾಗಿಲು ತೆಗೆಯುವಾಗಲೇ ಫೋನ್ ಬಡಿದುಕೊಳ್ಳುತ್ತಿತ್ತು. ಹೈದರಾಬಾದಿನ ಎಸ್‌ಟಿಡಿ ಬೂತಿನಿಂದ ಕಾಕಾ.

"ಕಾಗದ ತಗೊಂಡ್ರು ತಂಗಿ. ಈಗ ಒಳಗ ಕರ್ಕೊಂಡು ಹೋಗ್ಯಾರ."

"ಹೌದ್ರಿ ಕಾಕಾ" ಎಂದೆ. ರಿಸೀವರ್ ಇಟ್ಟು, ಮತ್ತೆ ಎತ್ತಿ, ವಾಡಿ ಯಾರ್ಡಿನ ನಂಬರ್ ಒತ್ತಿದೆ. ಹಬ್ಬದ ದಿನ ಫೋನ್ ಎತ್ತಿದವರನ್ನು, ಸೋಮವಾರದಿಂದ ಗುರುವಾರದವರೆಗಿನ ಲೆಕ್ಕವನ್ನು ಒಂದೊಂದಾಗಿ ಓದಿ ಹೇಳಲು ಕೇಳಿಕೊಂಡು, ಬರೆದುಕೊಳ್ಳತೊಡಗಿದೆ.